ಗವಿಗೋಡೆಯ ಹೊಸ ಕೈ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಪ್ರಾಚ್ಯವಸ್ತು ಇಲಾಖೆಯ ಉಪನಿರ್ದೇಶಕ ಠಾಣೆಗೆ ಬಂದಾಗ ಇನ್‌ಸ್ಪೆಕ್ಟರ್ ಸೈಕಲ್ ಕಳವಿನ ಕಡತವೊಂದಕ್ಕೆ ಸಹಿ ಹಾಕುತ್ತಿದ್ದಳು. ಆತ ಕುಳಿತುಕೊಳ್ಳಲಿಲ್ಲ. ಟೈಪ್ ಮಾಡಿಸಿದ ದೂರನ್ನು ಮೇಜಿನ ಮೇಲಿಟ್ಟು, ಗಾಳಿಗೆ ಹಾರೀತೆಂದು ಅದರ ಮೇಲೆ ತನ್ನ ಕನ್ನಡಕದ ಡಬ್ಬಿಯನ್ನೂ ಇಟ್ಟ. ಫ್ಯಾನು ತಿರುಗುತ್ತಿರಲಿಲ್ಲ.

"ಗವೀಲಿ ಒಂದು ಕೈ ಜಾಸ್ತಿಯಾಗಿದೆ," ಎಂದ.

"ಯಾರ ಕೈ?"

"ಅದನ್ನ ನೀವು ಹೇಳ್ಬೇಕು."

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಕತ್ತು ಉದ್ದ ಮಾಡಿದ. ಠಾಣೆಯಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವನನ್ನು ದೊಡ್ಡಣ್ಣ ಎನ್ನುತ್ತಿದ್ದರು. "ಬರೀ ಕೈಯಾ ಸಾರ್? ಮಿಕ್ಕಿದ್ದೆಲ್ಲಾ ಎಲ್ಲಿ?"

"ಚಿತ್ರದ ಕೈ ರೀ! ಚಿತ್ರದ್ದು!"

ದೊಡ್ಡಣ್ಣ ನಿರಾಳನಾಗಿ ಮತ್ತೆ ಗೋಡೆಗೆ ಒರಗಿದ.

ಊರಾಚೆ ಗುಡ್ಡದ ಹೊಟ್ಟೆಯಲ್ಲಿದ್ದ ಆ ಗವಿಯನ್ನು ಇನ್‌ಸ್ಪೆಕ್ಟರ್ ನೋಡಿರಲಿಲ್ಲ. ವರ್ಗವಾಗಿ ಬಂದ ಮೇಲೆ ಅವಳ ತಿರುಗಾಟವೆಲ್ಲ ಠಾಣೆಯಿಂದ ಕ್ವಾರ್ಟರ್ಸಿಗೆ, ಕ್ವಾರ್ಟರ್ಸಿನಿಂದ ಠಾಣೆಗೆ. ಉಪನಿರ್ದೇಶಕ ವಿವರಿಸಿದ. ಗವಿಯ ಗೋಡೆಯ ಮೇಲೆ ಸಾವಿರಾರು ವರ್ಷ ಹಳೆಯ ಚಿತ್ರಗಳಿವೆ. ಜಿಂಕೆಗಳು, ಬಿಲ್ಲು ಹಿಡಿದವರು, ನಟ್ಟನಡುವೆ ಆಳೆತ್ತರದ ಒಂದು ಆಕೃತಿ. ಅದರ ತಲೆ ದುಂಡಗೆ, ತಲೆಯ ಸುತ್ತ ಗೆರೆಗಳು, ಕಾಲುಗಳಿವೆ, ಪಾದಗಳಿಲ್ಲ. ಇಲಾಖೆ ಅದಕ್ಕೊಂದು ಸಂಖ್ಯೆ ಕೊಟ್ಟಿದೆ. ಜನ ದುಂಡುತಲೆ ಎನ್ನುತ್ತಾರೆ. ದುಂಡುತಲೆಯ ಸುತ್ತಲೂ ಕೈಗಳು. ಅಂಗೈಯನ್ನು ಬಂಡೆಗೆ ಒತ್ತಿ, ಬಾಯಲ್ಲಿ ಕೆಂಪು ಮಣ್ಣಿನ ನೀರು ತುಂಬಿಕೊಂಡು ಅದರ ಮೇಲೆ ಊದಬೇಕು. ಕೈ ತೆಗೆದರೆ ಸುತ್ತ ಕೆಂಪು, ಕೈಯಿದ್ದ ಜಾಗ ಮಾತ್ರ ಖಾಲಿ.

"ಚಿತ್ರ ನೋಡೋಕೆ ಅಂತ ಯಾರೂ ಬರಲ್ಲ ಮೇಡಂ. ದುಂಡುತಲೆ ಬೇರೆ ಗ್ರಹದವನಂತೆ, ಅದು ಹೆಲ್ಮೆಟ್ಟಂತೆ, ಗೆರೆಗಳು ಏರಿಯಲ್ಲಂತೆ. ಅದಕ್ಕೆ ಬರ್ತಾರೆ. ಈ ಊರಲ್ಲೇ ಒಬ್ಬ ಇದ್ದಾನೆ, ರಾಕೆಟ್ ಮಾವ ಅಂತ. ಹೋದ ವಾರ ಅವನೊಂದು ವೀಡಿಯೋ ಹಾಕಿದ. ಗೋಡೇಲಿ ಹೊಸ ಕೈ ಮೂಡಿದೆ, ಅವರು ಮತ್ತೆ ಬಂದುಹೋಗಿದ್ದಾರೆ ಅಂತ. ನಿನ್ನೆ ಬಂದ ಜನ ಕಂಬಿಬೇಲಿ ಮುರಿದುಹಾಕಿದ್ರು. ಗವಿಗೆ ಜನ ಬರೋದನ್ನೇ ನಿಲ್ಲಿಸಿದೀನಿ."

"ಹೊಸ ಕೈ ಇರೋದು ನಿಜಾನಾ?"

"ನಿಜ. ನಾನೇ ಹೋಗಿ ನೋಡ್ದೆ. ಹಳೇ ಫೋಟೋದಲ್ಲಿ ಇಲ್ಲ. ಅವನೇ ಮಾಡಿ, ಅವನೇ ಕಂಡುಹಿಡಿದಿದಾನೆ. ಬರ್ಕೊಳ್ಳಿ."

ಪ್ರಾಚೀನ ಸ್ಮಾರಕಗಳ ರಕ್ಷಣಾ ಕಾಯಿದೆಯಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಅಂಕಣದಲ್ಲಿ ಇನ್‌ಸ್ಪೆಕ್ಟರ್ 'ಅಪರಿಚಿತ' ಎಂದು ಬರೆದದ್ದನ್ನು ಉಪನಿರ್ದೇಶಕ ತಲೆಕೆಳಗಾಗಿಯೇ ಓದಿ ಮುಖ ಗಂಟಿಕ್ಕಿದ.

ಮಧ್ಯಾಹ್ನ ಸ್ಥಳ ಪಂಚನಾಮೆ. ಪಂಚರಾಗಿ ಟಿಕೆಟ್ ಕೊಡುವವನು ಮತ್ತು ಗುಡ್ಡದ ಬುಡದಲ್ಲಿ ಚಹಾ ಮಾರುವವನು ಬಂದರು. ಗವಿಗೆ ಕಬ್ಬಿಣದ ಸರಳುಗಳ ಬಾಗಿಲು, ಒಂದೇ ಬೀಗ. ಬೀಗ ಮುರಿದಿರಲಿಲ್ಲ, ಕೆರೆದ ಗುರುತೂ ಇರಲಿಲ್ಲ. ಮುರಿದದ್ದು ಬಾಗಿಲಿಗಿಂತ ಆಚೆ, ಪ್ರವಾಸಿಗರು ನಿಲ್ಲುವಲ್ಲಿದ್ದ ಕಂಬಿಬೇಲಿ ಮಾತ್ರ. ಅಲ್ಲಿಂದ ಒಳಗಿನ ಗೋಡೆ ಚೆನ್ನಾಗಿಯೇ ಕಾಣುತ್ತಿತ್ತು. ಬಾಗಿಲು ದಾಟಿ ಒಳಹೋಗಲು ಮಾತ್ರ ಬೀಗದ ಕೈಯೇ ಬೇಕು. ಅದು ಇಲಾಖೆಯ ಕಚೇರಿಯಲ್ಲಿರುತ್ತಿತ್ತು.

ಒಳಗೆ ತಂಪು. ಇಲಾಖೆಯ ಹೆಂಗಸೊಬ್ಬಳು ಉದ್ದ ಕೋಲಿನ ದೀಪ ಹಿಡಿದು ಮುಂದೆ ನಡೆದಳು. "ನಮ್ಮ ಚಿತ್ರಗಾರ್ತಿ," ಎಂದು ಉಪನಿರ್ದೇಶಕ ಒಂದು ಮಾತಲ್ಲಿ ಮುಗಿಸಿ, ಹೊಸ ಕೈಯತ್ತ ಬೆರಳು ತೋರಿಸಿದ. ದುಂಡುತಲೆಯ ಬಲಭಾಗದಲ್ಲಿ, ನೆಲದಿಂದ ಎದೆಯ ಎತ್ತರದಲ್ಲಿ, ಐದು ಬೆರಳೂ ಅಗಲಿಸಿದ ಒಂದು ಪುಟ್ಟ ಕೈ. ಅಕ್ಕಪಕ್ಕದವುಗಳಿಗೂ ಇದಕ್ಕೂ ಇನ್‌ಸ್ಪೆಕ್ಟರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ.

"ಇದು ಯಾವಾಗಿನಿಂದ ಇದೆ?" ಎಂದು ಜೊತೆಗೆ ಬಂದಿದ್ದ ಗವಿಯ ಕಾವಲುಗಾರನನ್ನು ಕೇಳಿದಳು.

"ಗೊತ್ತಿಲ್ಲ ಮೇಡಂ."

"ದಿನಾ ಇಲ್ಲೇ ಇರ್ತೀಯಲ್ಲ?"

"ನಾನು ಜನರ ಕೈ ನೋಡ್ತೀನಿ ಮೇಡಂ, ಎಲ್ಲಿ ಏನು ಮುಟ್ತಾರೋ ಅಂತ. ಗೋಡೆ ಕೈ ಯಾರು ನೋಡ್ತಾರೆ?"

ದೊಡ್ಡಣ್ಣ ಮೂಗು ಗೋಡೆಗೆ ತಾಗುವಷ್ಟು ಬಗ್ಗಿದ. "ಸ್ಪ್ರೇ ಡಬ್ಬೀನಾ ಸಾರ್?"

"ಅಲ್ಲ. ಹನಿ ನೋಡಿ, ಒಂದು ದಪ್ಪ, ಒಂದು ಸಣ್ಣ. ಬಾಯಲ್ಲಿ ಊದಿದ್ದು. ಹಳೇ ಕ್ರಮಾನೇ. ಅವನಿಗೆ ಎಲ್ಲಾ ಗೊತ್ತಿದೆ, ಓದ್ಕೊಂಡಿದಾನೆ." ಉಪನಿರ್ದೇಶಕ ಹಿಂತಿರುಗಿ ನೋಡದೆಯೇ ಸೇರಿಸಿದ, "ದೀಪ ಸರಿಯಾಗಿ ಹಿಡೀರಿ, ಅಲ್ಲಾಡ್ತಿದೆ."

ದೀಪ ನಿಂತಿತು.

ಪೊಲೀಸ್ ಪ್ರಯೋಗಾಲಯದಿಂದ ಬಂದಿದ್ದವನು ಅಂಚಿನಿಂದ ಚೂರು ಬಣ್ಣ ಕೆರೆದುಕೊಂಡ. ದೊಡ್ಡಣ್ಣ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ತಾಗದಂತೆ ಹಿಡಿದು ಕೈಯ ಆಕಾರ ತೆಗೆದುಕೊಂಡ. ಇನ್‌ಸ್ಪೆಕ್ಟರ್ ಬಂಡೆಯ ಮೇಲೆ ಕುಳಿತು ಪಂಚನಾಮೆ ಬರೆದಳು: ಬಾಗಿಲಿನ ಅಳತೆ, ಬೇಲಿಯ ಸ್ಥಿತಿ, ಹಾಜರಿದ್ದವರು. ಇಲಾಖೆಯ ಸಿಬ್ಬಂದಿ ಒಬ್ಬರು ದೀಪ ಹಿಡಿದಿದ್ದರು. ಪಂಚರು ಓದಿ ನೋಡದೆ ಸಹಿ ಹಾಕಿದರು.

ರಾಕೆಟ್ ಮಾವ ರೇಡಿಯೋ ಕೇಂದ್ರದಲ್ಲಿ ತಂತ್ರಜ್ಞನಾಗಿದ್ದು ನಿವೃತ್ತನಾದವನು. ಮದುವೆಯಾಗಿರಲಿಲ್ಲ. ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿದ್ದ. ಬಾಗಿಲು ತೆಗೆದವಳು ಆ ತಂಗಿ. ಗಂಡ ತೀರಿಹೋದ, ಮಾತು ನಿಲ್ಲದ ಹೆಂಗಸು.

"ಬಂದ್ರಾ? ಬನ್ನಿ. ಆಕಾಶದಿಂದ ಬರ್ತಾರೆ ಬರ್ತಾರೆ ಅಂತ ಮೂವತ್ತು ವರ್ಷದಿಂದ ಹೇಳ್ತಿದ್ದ ನಮ್ಮಣ್ಣ, ಕೊನೆಗೆ ಜೀಪಲ್ಲಿ ಬಂದ್ರಿ."

"ನಿಮ್ಮಣ್ಣನ ಹತ್ರ ಮಾತಾಡ್ಬೇಕು."

"ಮಾತಾಡಿ. ನನ್ನ ಹತ್ರ ಅಂತೂ ಆಡಲ್ಲ. ಮೇಲಿನವರು ಬಂದ್ರೆ ಮೊದಲು ನನ್ನ ಗ್ಯಾಸ್ ಸಿಲಿಂಡರ್ ಎತ್ತಿಕೊಟ್ಟು ಹೋಗ್ಲಿ ಅಂತ ಹೇಳಿದೀನಿ. ಬೇಜಾರು ಮಾಡ್ಕೊಂಡಿದಾನೆ."

ಹಿಂದಿನ ಕೋಣೆಯಲ್ಲಿ ಮಂಚ, ಕಂಪ್ಯೂಟರ್, ಬಿಚ್ಚಿಟ್ಟ ಎರಡು ಹಳೆಯ ರೇಡಿಯೋ. ಗೋಡೆಯ ತುಂಬ ದುಂಡುತಲೆಯ ಫೋಟೋ. ರಾಕೆಟ್ ಮಾವ ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿತ್ತು. ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ಮಂಚಕ್ಕೆ ಸುರಿದು ಇನ್‌ಸ್ಪೆಕ್ಟರಿಗೆ ಜಾಗ ಮಾಡಿಕೊಟ್ಟ.

"ಗವಿಗೆ ಎಷ್ಟು ದಿನಕ್ಕೊಮ್ಮೆ ಹೋಗ್ತೀರಿ?"

"ಪ್ರತಿ ಭಾನುವಾರ."

"ಏನು ಮಾಡ್ತೀರಿ?"

"ಬೇಲಿ ಹತ್ರ ನಿಂತ್ಕೋತೀನಿ. ಫೋಟೋ ತೆಗೀತೀನಿ. ವಾಪಸ್ ಬರ್ತೀನಿ."

"ಒಳಗೆ?"

"ಒಳಗೆ ಯಾರನ್ನೂ ಬಿಡಲ್ಲ ಮೇಡಂ. ಬಿಟ್ಟಿದ್ರೆ ನಾನು ಹೊರಗೆ ಬರ್ತಿರಲಿಲ್ಲ."

"ಹೊಸ ಕೈ ನೀವು ಮಾಡಿದ್ದಾ?"

ಅವನಿಗೆ ಸಿಟ್ಟು ಬರಲಿಲ್ಲ. ಕಣ್ಣರಳಿಸಿ ಅವಳನ್ನೇ ನೋಡಿದ. "ನಾನು ಮಾಡ್ಕೊಂಡ್ರೆ ನನಗೇನು ಸಿಗುತ್ತೆ ಅಮ್ಮಾ? ನನಗೆ ನಾನೇ ಕಾಗದ ಬರೆದು ಪೋಸ್ಟಿಗೆ ಹಾಕಿದ ಹಾಗಲ್ವಾ?"

ದೊಡ್ಡಣ್ಣ ಪ್ಲಾಸ್ಟಿಕ್ ಹಾಳೆಯನ್ನು ಮೇಜಿನ ಮೇಲೆ ಹರಡಿದ. ರಾಕೆಟ್ ಮಾವ ಕೇಳುವ ಮೊದಲೇ ಅದರ ಮೇಲೆ ತನ್ನ ಕೈಯಿಟ್ಟ. ಬೆರಳುಗಳು ಗೆರೆ ದಾಟಿ ಒಂದೊಂದು ಗೆಣ್ಣು ಆಚೆ ಹೋದವು. ಇನ್‌ಸ್ಪೆಕ್ಟರ್ ತನ್ನ ಕೈಯಿಟ್ಟು ನೋಡಿದಳು. ಹೆಚ್ಚುಕಡಿಮೆ ಸರಿಹೋಯಿತು.

"ಈಗ ನಿಮ್ಮನ್ನೇ ಅರೆಸ್ಟ್ ಮಾಡ್ಬೇಕಾಗುತ್ತೆ ಮೇಡಂ," ಎಂದ ದೊಡ್ಡಣ್ಣ.

"ಹೆಂಗಸರ ಕೈ ಅಂತ ಬರ್ಕೋ. ಇಲ್ಲಾ ಮಕ್ಕಳದ್ದು."

"ಅವರ ಕೈ ಚಿಕ್ಕದಿರುತ್ತೆ," ಎಂದ ರಾಕೆಟ್ ಮಾವ ಶಾಂತವಾಗಿ. "ಮೇಲಿನವರದ್ದು."

ಅವನು ಕಂಪ್ಯೂಟರ್ ಹಚ್ಚಿ ಫೋಟೋಗಳನ್ನು ಸಾಲಾಗಿ ತೋರಿಸಿದ. ಎಲ್ಲವೂ ಒಂದೇ ಕೋನ, ದುಂಡುತಲೆ ನಡುವಿಗೆ ಬರುವಂತೆ ಅಂಚು ಕತ್ತರಿಸಿದವು. ಒಂದು ಭಾನುವಾರದ ಫೋಟೋದಲ್ಲಿ ಹೊಸ ಕೈ ಇಲ್ಲ. ಮುಂದಿನ ಎರಡು ಭಾನುವಾರ ಗವಿಗೆ ಪ್ರವೇಶವಿರಲಿಲ್ಲ, ಪಾಚಿ ತೆಗೆಯುವ ವಾರ್ಷಿಕ ಕೆಲಸಕ್ಕೆ ಹದಿನೈದು ದಿನ ಮುಚ್ಚಿದ್ದರು. ಅದರ ಮುಂದಿನ ಭಾನುವಾರದ ಫೋಟೋದಲ್ಲಿ ಕೈ ಇದೆ.

ಇನ್‌ಸ್ಪೆಕ್ಟರ್ ದಿನಾಂಕ ಬರೆದುಕೊಂಡಳು. "ಇದು ನಾಲ್ಕು ತಿಂಗಳ ಹಿಂದಿಂದು. ವೀಡಿಯೋ ಹಾಕಿದ್ದು ಹೋದ ವಾರ."

"ಹೌದು."

"ಇಷ್ಟು ದಿನ ಯಾಕೆ ಸುಮ್ಮನಿದ್ರಿ?"

"ಹಿಂದೊಂದು ಸಲ ಬಾವಲಿ ಹಿಕ್ಕೇನ ಸಂದೇಶ ಅಂತ ಹೇಳಿ ಮಾನ ಕಳ್ಕೊಂಡಿದ್ದೆ. ಅದಕ್ಕೇ ಈ ಸಲ ಕಾದೆ. ಇಲಾಖೆಯವರು ಏನಾದ್ರೂ ಹೇಳ್ತಾರೆ, ಪ್ರೊಫೆಸರುಗಳು ಬರ್ತಾರಲ್ಲ, ಅವರು ಹೇಳ್ತಾರೆ ಅಂತ. ಯಾರೂ ಹೇಳಲಿಲ್ಲ. ಅಂದ್ರೆ ಅವರ್ಯಾರಿಗೂ ಕಾಣ್ತಿಲ್ಲ. ನನಗೊಬ್ಬನಿಗೇ ಕಾಣ್ತಿದೆ. ಆಮೇಲೆ ಅನಿಸ್ತು, ಬಹುಶಃ ನನಗೇ ಅಂತ ಇಟ್ಟುಹೋಗಿದ್ದಾರೇನೋ."

ಬಾಗಿಲಲ್ಲಿ ನಿಂತಿದ್ದ ತಂಗಿ ಒಳಬಂದು, ಮಂಚಕ್ಕೆ ಸುರಿದ ಬಟ್ಟೆಗಳನ್ನು ಮಡಿಸತೊಡಗಿದಳು.

"ಈ ಹಳೇ ಕೈಗಳನ್ನೆಲ್ಲ ಜನ ಏನೇನೋ ಅಂತಾರೆ ಅಮ್ಮಾ. ನಾನು ಹೇಳ್ತೀನಿ ಕೇಳಿ. ಅವರು ವಾಪಸ್ ಹೊರಟಾಗ ಇಲ್ಲಿಯವರು ಹೋಗಬೇಡಿ ಅಂತ ಎತ್ತಿದ ಕೈ ಇವು. ಇಷ್ಟು ಸಾವಿರ ವರ್ಷ ಆದ್ಮೇಲೆ ಆ ಕಡೆಯಿಂದ ಒಂದು ಕೈ ಬಂದಿದೆ." ಅವನು ಫೋಟೋವನ್ನು ಹಿಗ್ಗಿಸಿದ. "ಇಲ್ಲಿ ನೋಡಿ, ಮಣಿಕಟ್ಟಿನ ಕೆಳಗೆ. ಎರಡು ಬಿಳಿ ಚುಕ್ಕಿ. ಜೋಡಿ ನಕ್ಷತ್ರ. ಎಲ್ಲಿಂದ ಬಂದ್ವಿ ಅಂತ ವಿಳಾಸಾನೂ ಕೊಟ್ಟಿದ್ದಾರೆ."

ಚುಕ್ಕಿಗಳು ಸಾಸಿವೆ ಕಾಳಿನಷ್ಟಿದ್ದವು. ಇನ್‌ಸ್ಪೆಕ್ಟರ್ ಆ ಫೋಟೋದ ಪ್ರತಿ ಕೇಳಿ ಪಡೆದಳು.

ಮಂಗಳವಾರ ಮೂರು ಫೋನು ಬಂದವು. ಮೊದಲನೆಯದು ಪ್ರಯೋಗಾಲಯದಿಂದ: ಬಣ್ಣ ಕೆಂಪು ಕಲ್ಲನ್ನು ಅರೆದದ್ದು, ಬಾಯಿಂದ ಊದಿದ್ದು ಹೌದು, ಜೊಲ್ಲಿನ ಅಂಶ ಸಿಕ್ಕಬಹುದು, ಆದರೆ ವರದಿಗೆ ಸಮಯ ಬೇಕು. ಎರಡನೆಯದು ಉಪನಿರ್ದೇಶಕನದು, ಇನ್ನೂ ಯಾಕೆ ಬಂಧಿಸಿಲ್ಲ ಎಂದು. ಮೂರನೆಯದು ಮೇಲಧಿಕಾರಿಯದು. ಫೋನಿಟ್ಟ ಮೇಲೆ ಇನ್‌ಸ್ಪೆಕ್ಟರ್ ಗೋಡೆಯ ಕ್ಯಾಲೆಂಡರ್ ನೋಡಿದಳು.

"ಮೇಲಿನಿಂದಾನಾ ಮೇಡಂ?" ಎಂದ ದೊಡ್ಡಣ್ಣ. "ಎಷ್ಟು ಮೇಲಿನಿಂದ? ದುಂಡುತಲೆ ಕಡೆಯವರಾ?"

"ಗುರುವಾರದೊಳಗೆ ಬೇರೆ ಯಾರೂ ಸಿಗದಿದ್ರೆ ರಾಕೆಟ್ ಮಾವನ್ನ ಕೋರ್ಟಿಗೆ ಹಾಜರುಪಡಿಸಬೇಕಂತೆ. ಅವನ ಕೈ ಅಲ್ಲದಿದ್ರೆ ಅವನು ಕಳಿಸಿದವರ ಕೈಯಂತೆ."

"ಅವನು ಕಳಿಸಿದ್ರೆ ಯಾರು ಹೋಗ್ತಾರೆ ಮೇಡಂ? ಸ್ವಂತ ತಂಗಿ ಅಂಗಡಿಗೂ ಹೋಗಲ್ಲ."

ಆ ಸಂಜೆ ಯಾರೋ ತಂಗಿಯ ಮನೆಯ ಗೇಟಿಗೆ ಮಸಿ ಎರಚಿ, 'ಕಳ್ಳ' ಎಂದು ಬರೆದು ಹೋದರು. ತಂಗಿ ಅಣ್ಣನನ್ನು ಕರೆದುಕೊಂಡು ಠಾಣೆಗೇ ಬಂದಳು. ಕೈಯಲ್ಲಿ ಅವನ ಸ್ವೆಟರು, ಬಿ.ಪಿ. ಮಾತ್ರೆ.

"ಒಳಗೆ ಹಾಕೋದಿದ್ರೆ ಈಗಲೇ ಹಾಕ್ಬಿಡಿ ಮೇಡಂ. ಅಲ್ಲಾದ್ರೆ ಕಲ್ಲು ಬೀಳಲ್ಲ. ಅವನಿಗೆ ಈಗ ಎಪ್ಪತ್ತು. ತಪ್ಪು ಒಪ್ಕೊಳ್ಳೋ ಅಂದ್ರೆ ಒಪ್ಪಲ್ಲ, ಮಾಡಿಲ್ಲ ಅನ್ನೋಕೂ ಬಾಯಿಲ್ಲ. ಕೇಳಿದ್ರೆ, ಅವರು ಕೈ ಬೀಸಿದ್ದಾರೆ, ಇನ್ನೇನು ಬೇಕು ಅಂತಾನೆ."

ಅವಳು ಮೊದಲ ಸಲ ದನಿ ತಗ್ಗಿಸಿದ್ದಳು. ರಾಕೆಟ್ ಮಾವ ಬೆಂಚಿನ ಮೇಲೆ ಕುಳಿತು ಠಾಣೆಯ ವೈರ್‌ಲೆಸ್ ಸೆಟ್ಟಿನ ಗುಂಯ್‌ಗುಡುವಿಕೆಯನ್ನು ತಲೆ ಓರೆಮಾಡಿ ಕೇಳುತ್ತಿದ್ದ. ಇನ್‌ಸ್ಪೆಕ್ಟರ್ ಅವನ ಹೇಳಿಕೆ ಬರೆದುಕೊಂಡು ಇಬ್ಬರನ್ನೂ ಜೀಪಿನಲ್ಲಿ ಮನೆಗೆ ಕಳಿಸಿ, ಗೇಟಿನ ಬಳಿ ಒಬ್ಬ ಕಾನ್‌ಸ್ಟೇಬಲ್‌ನನ್ನು ನಿಲ್ಲಿಸಿದಳು.

ಬುಧವಾರ ಬೆಳಿಗ್ಗೆ ಅವಳು ದೊಡ್ಡಣ್ಣನೊಂದಿಗೆ ಮತ್ತೆ ಗವಿಗೆ ಹೋದಳು. ಈ ಸಲ ಉಪನಿರ್ದೇಶಕ ಇರಲಿಲ್ಲ. ಕಾವಲುಗಾರ ಕಚೇರಿಯಿಂದ ಬೀಗದ ಕೈ ತಂದು ಬಾಗಿಲು ತೆಗೆದು, ತಾನೇ ಟಾರ್ಚು ಹಿಡಿದ.

"ಆ ಹದಿನೈದು ದಿನ ಒಳಗೆ ಯಾರ್ಯಾರು ಬಂದ್ರು?"

"ಸಾರುವೆ ಕಟ್ಟೋಕೆ ಇಬ್ಬರು ಕೂಲಿಯವರು ಬಂದ್ರು, ಮೊದಲ ದಿನ. ಕೊನೇ ದಿನ ಬಿಚ್ಚೋಕೆ ಬಂದ್ರು. ಸಾಹೇಬರು ಒಂದ್ಸಲ ಬಂದು ಫೋಟೋ ತೆಗೆಸ್ಕೊಂಡು ಹೋದ್ರು. ಅಷ್ಟೇ."

"ಪಾಚಿ ತೆಗೆದವರು?"

"ಅವರು ಇದ್ದೇ ಇರ್ತಾರಲ್ಲ ಮೇಡಂ, ಇಲಾಖೆಯವರು."

ಮಣಿಕಟ್ಟಿನ ಕೆಳಗೆ ಎರಡು ಬಿಳಿ ಚುಕ್ಕಿಗಳು ಗೋಡೆಯ ಮೇಲೂ ಇದ್ದವು. ಇನ್‌ಸ್ಪೆಕ್ಟರ್ ಟಾರ್ಚನ್ನು ತಾನೇ ತೆಗೆದುಕೊಂಡು ಉಳಿದ ಕೈಗಳ ಕೆಳಗೆ ಒಂದೊಂದಾಗಿ ಹುಡುಕಿದಳು. ಯಾವುದರಲ್ಲೂ ಚುಕ್ಕಿ ಇರಲಿಲ್ಲ. ಬೆಳಕು ಕೆಳಗಿಳಿದು ಜಿಂಕೆಯ ಹೊಟ್ಟೆಯ ಬಳಿ ಬಂತು. ಅಲ್ಲಿ ಬಂಡೆ ಬಿರುಕುಬಿಟ್ಟಿತ್ತು. ಬಿರುಕನ್ನು ಅದೇ ಬಣ್ಣದ ಗಾರೆಯಿಂದ ತುಂಬಿದ್ದರು. ತುಂಬಿದ ಜಾಗದ ತುದಿಯಲ್ಲಿ ಎರಡು ಬಿಳಿ ಚುಕ್ಕಿ.

"ದೊಡ್ಡಣ್ಣ, ಇಲ್ಲಿ ಬಾ."

ಇಬ್ಬರೂ ಮೊಣಕಾಲೂರಿ ಹುಡುಕಿದರು. ಬುಡದಲ್ಲಿ ಕಟ್ಟಿದ ಕಲ್ಲಿನ ಕೆಳಗೆ ಚುಕ್ಕಿ. ಚಾವಣಿಯಿಂದ ನೀರು ಸೋರದಂತೆ ಬಳಿದ ಗೆರೆಯ ಕೊನೆಯಲ್ಲಿ ಚುಕ್ಕಿ. ಎಲ್ಲೆಲ್ಲಿ ದುರಸ್ತಿಯಿತ್ತೋ ಅಲ್ಲೆಲ್ಲ.

ಅವಳು ಅಲ್ಲಿಂದಲೇ ಉಪನಿರ್ದೇಶಕನಿಗೆ ಫೋನು ಮಾಡಿದಳು.

"ಅದು ನಿಯಮ ಮೇಡಂ," ಎಂದ ಆತ. "ನಾವು ಏನೇ ರಿಪೇರಿ ಮಾಡಿದ್ರೂ ಅದು ಹಳೇದಲ್ಲ, ನಮ್ಮದು ಅಂತ ಗೊತ್ತಾಗ್ಬೇಕು. ಮುಂದೆ ನೋಡೋರಿಗೆ ಮೋಸ ಆಗ್ಬಾರ್ದಲ್ಲ. ದೂರದಿಂದ ಕಾಣ್ಬಾರ್ದು, ಹತ್ತಿರದಿಂದ ನೋಡಿದ್ರೆ ಕಾಣ್ಬೇಕು. ಅದಕ್ಕೆ ಚುಕ್ಕಿ."

"ಹಾಕೋದು ಯಾರು?"

"ನಮ್ಮ ಚಿತ್ರಗಾರ್ತಿ. ಆ ವಿಷಯದಲ್ಲಿ ಭಾಳ ಕಟ್ಟುನಿಟ್ಟು ಆಕೆ. ಒಂದು ಬಿಟ್ಟುಹೋಗಿದ್ರೂ ವಾಪಸ್ ಹೋಗಿ ಹಾಕಿ ಬರ್ತಾಳೆ. ಯಾಕೆ, ಏನಾಯ್ತು?"

"ಆಮೇಲೆ ಹೇಳ್ತೀನಿ."

ಬಂಡೆಯ ಮೇಲೆ ಕುಳಿತು ಇನ್‌ಸ್ಪೆಕ್ಟರ್ ಪಂಚನಾಮೆಯ ನಕಲು ತೆಗೆದು ಹಾಜರಿದ್ದವರ ಸಾಲನ್ನು ಓದಿದಳು. 'ಇಲಾಖೆಯ ಸಿಬ್ಬಂದಿ ಒಬ್ಬರು.' ಆ ಹೆಂಗಸಿನ ಮುಖವನ್ನು ನೆನಪಿಸಿಕೊಳ್ಳಲು ನೋಡಿದಳು. ದೀಪದ ಕೋಲು ನೆನಪಿಗೆ ಬಂತು.

"ದೊಡ್ಡಣ್ಣ, ಅವತ್ತು ದೀಪ ಹಿಡಿದಿದ್ದವರು ಹೇಗಿದ್ರು?"

ದೊಡ್ಡಣ್ಣ ತಲೆ ಕೆರೆದುಕೊಂಡ. "ಹೆಂಗಸರಿದ್ರು ಅಲ್ವಾ ಮೇಡಂ?"

ಚಿತ್ರಗಾರ್ತಿಯ ಕೆಲಸದ ಕೋಣೆ ಇಲಾಖೆಯ ಕಟ್ಟಡದ ಹಿಂಭಾಗದಲ್ಲಿ, ಹಳೆಯ ಕುರ್ಚಿ ಮೇಜುಗಳನ್ನು ಪೇರಿಸಿಟ್ಟ ಓಣಿಯ ಕೊನೆಯಲ್ಲಿತ್ತು. ಇನ್‌ಸ್ಪೆಕ್ಟರ್, ದೊಡ್ಡಣ್ಣ, ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಮತ್ತು ಮೊದಲಿನ ಪಂಚರಿಬ್ಬರು ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಅವಳು ಒಬ್ಬಳೇ ಕುಳಿತು ಡಬ್ಬಿ ಮುಚ್ಚುತ್ತಿದ್ದಳು. ನಲವತ್ತು ದಾಟಿದ, ಕೂದಲನ್ನು ಎಳೆದು ಕಟ್ಟಿದ, ಸಣ್ಣ ಮೈಕಟ್ಟಿನ ಹೆಂಗಸು. ಗೋಡೆಗೆ ತಗುಲಿಸಿದ ಪಾರದರ್ಶಕ ಹಾಳೆಗಳಲ್ಲಿ ಇಡೀ ಗವಿಯಿತ್ತು; ಒಂದೊಂದು ಜಿಂಕೆ, ಒಂದೊಂದು ಬಿಲ್ಲು, ಗೆರೆಗೆ ಗೆರೆ.

"ಇವೆಲ್ಲ ನೀವು ಬರೆದಿದ್ದಾ?"

"ಹೌದು."

"ಎಷ್ಟು ವರ್ಷದಿಂದ?"

"ಸೇರಿದಾಗಿನಿಂದ. ಹದಿನೆಂಟು ವರ್ಷ ಆಯ್ತು."

"ಗವೀಲಿ ಹೊಸ ಕೈ ಇದೆಯಲ್ಲ. ಅದು ಯಾರದ್ದು?"

ಚಿತ್ರಗಾರ್ತಿ ಡಬ್ಬಿಯ ಮುಚ್ಚಳವನ್ನು ಪೂರ್ತಿ ಒತ್ತಿ, ಮೇಜಿನ ಅಂಚಿಗೆ ಸರಿಸಿದಳು.

"ನನ್ನದು," ಎಂದಳು. "ನೀವು ಸೋಮವಾರವೇ ಕೇಳಿದ್ರೆ ಆಗಲೇ ಹೇಳ್ತಿದ್ದೆ."

ದೊಡ್ಡಣ್ಣ ಪ್ಲಾಸ್ಟಿಕ್ ಹಾಳೆ ಬಿಡಿಸಿದ. ಪಂಚರ ಎದುರು ಅವಳು ಎಡಗೈಯನ್ನು ಅದರ ಮೇಲಿಟ್ಟಳು. ಕಿರುಬೆರಳಿನ ಬಾಗೂ ಗೆರೆಯೊಳಗೆ ಕೂತಿತು. ಚಹಾ ಮಾರುವವನು ಬಗ್ಗಿ ನೋಡಿ ನಾಲಿಗೆ ಲೊಚಗುಟ್ಟಿದ.

"ಯಾಕೆ ಮಾಡಿದ್ರಿ?"

ಹೇಳುವುದು ಅವಳಿಗೆ ರೂಢಿಯಿಲ್ಲದ ಕೆಲಸವೆಂದು ಇನ್‌ಸ್ಪೆಕ್ಟರಿಗೆ ಅನಿಸಿತು. ಮಾತು ಶುರುಮಾಡಿ, ನಿಲ್ಲಿಸಿ, ಬೇರೆ ತುದಿಯಿಂದ ಹಿಡಿಯುತ್ತಿದ್ದಳು.

"ಪಾಚಿ ತೆಗೆಯೋ ಹದಿನೈದು ದಿನ ಒಬ್ಬಳೇ ಇರ್ತೀನಿ, ಸಾರುವೆ ಮೇಲೆ. ಅವತ್ತು ಕೆಲಸ ಮುಗಿಯೋ ಹೊತ್ತು. ಒಂದು ಕೈಯ ಗೆರೆ ಒರೆಸ್ತಾ ಇದ್ದೆ. ಅದು ಯಾವುದೋ ಹೆಂಗಸಿನದ್ದು, ನನಗೆ ಹಾಗನಿಸುತ್ತೆ. ಇಷ್ಟು ಸಾವಿರ ವರ್ಷ ಆದ್ರೂ ಅವಳು ಇಲ್ಲಿ ಇದ್ದಳು ಅಂತ ಗೊತ್ತಾಗುತ್ತೆ. ನಾನು ಹದಿನೆಂಟು ವರ್ಷದಿಂದ ಇದ್ದೀನಿ... ಅಲ್ಲ, ಅದಲ್ಲ. ಸುಮ್ಮನೆ. ಯಾರಾದ್ರೂ ನೋಡ್ತಾರಾ ಅಂತ."

"ಏನು ನೋಡ್ತಾರಾ?"

"ಗೋಡೆ. ಎಲ್ಲರೂ ದುಂಡುತಲೆ ನೋಡ್ತಾರೆ, ಫೋಟೋ ತೆಗೀತಾರೆ, ಹೋಗ್ತಾರೆ. ಸಾಹೇಬರು ಅತಿಥಿಗಳನ್ನ ಕರ್ಕೊಂಡು ಬರ್ತಾರೆ. ಕಲಿತವರು ಬರ್ತಾರೆ, ನಾನು ಬರೆದ ಹಾಳೆ ನೋಡಿ ಪುಸ್ತಕ ಬರೀತಾರೆ. ಗೋಡೇಲಿ ಒಂದು ಕೈ ಹೆಚ್ಚಾದ್ರೆ ಅವತ್ತೇ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ಬೈಸ್ಕೊಂಡು, ಒರೆಸಿಬಿಡೋಣ ಅಂತ. ಕಲ್ಲಿಗೆ ಅಂಟಿಲ್ಲ ಅದು, ನೀರು ತಾಗಿಸಿದ್ರೆ ಹೋಗುತ್ತೆ. ಹಾಗೇ ಕಲಸಿದ್ದೆ. ಮಾರನೇ ದಿನ ಕಾದೆ. ವಾರ ಕಾದೆ. ಆಮೇಲೆ ಒರೆಸೋಕೆ ಮನಸ್ಸು ಬರಲಿಲ್ಲ."

"ಚುಕ್ಕಿ ಯಾಕೆ ಹಾಕಿದ್ರಿ? ಅದಿಲ್ಲದಿದ್ರೆ ನಾವು ಇಲ್ಲಿಗೆ ಬರ್ತಿರಲಿಲ್ಲ."

ಅವಳಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ಹಾಕದಿದ್ರೆ ಸುಳ್ಳಾಗ್ತಿತ್ತಲ್ಲ?"

ಮಹಿಳಾ ಕಾನ್‌ಸ್ಟೇಬಲ್ ಬಂಧನದ ಪತ್ರವನ್ನು ಮುಂದಿಟ್ಟಳು. ಯಾರಿಗೆ ವಿಷಯ ತಿಳಿಸಬೇಕು ಎಂಬ ಜಾಗದಲ್ಲಿ ಪೆನ್ನು ನಿಂತಿತು. ಚಿತ್ರಗಾರ್ತಿ ಯೋಚಿಸಿ, ಕಚೇರಿಯ ಹೆಸರನ್ನೇ ಬರೆಯಿರಿ ಎಂದಳು. ಸಹಿ ಹಾಕಿ, ಕೆಲಸದ ಮೇಜಿನ ದೀಪ ಆರಿಸಿ, ಮತ್ತೊಮ್ಮೆ ಸ್ವಿಚ್ಚು ನೋಡಿ ಬಂದಳು.

ಓಣಿಯಲ್ಲಿ ನಡೆಯುವಾಗ ಕೇಳಿದಳು, "ಅವರನ್ನ ಬಿಟ್ರಾ? ಭಾನುವಾರ ಬರ್ತಾರಲ್ಲ, ಅವರನ್ನ?"

"ಹಿಡಿದಿರಲೇ ಇಲ್ಲ. ಹಿಡೀಬೇಕು ಅಂತಿದ್ರು."

"ನಿನ್ನೆ ಮನೆಗೆ ಮಸಿ ಎರಚಿದ್ರಂತೆ, ಆಫೀಸಲ್ಲಿ ಮಾತಾಡ್ತಿದ್ರು. ಇವತ್ತು ಸಂಜೆ ನಾನೇ ಠಾಣೆಗೆ ಬರೋಳಿದ್ದೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಬೇಗ ಬರ್ಬೇಕಿತ್ತು. ಆದ್ರೆ ಆ ವೀಡಿಯೋದಲ್ಲಿ ಅವರು ಎಷ್ಟು ಖುಷಿಯಾಗಿದ್ರು ನೋಡಿದ್ರಾ? ನೋಡಿದವರು ಅವರೊಬ್ರೇ. ಎಲ್ಲರಿಗಿಂತ ಮುಂಚೆ, ಮೊದಲನೇ ಭಾನುವಾರವೇ ನೋಡಿದ್ರಂತೆ." ಅವಳು ಜೀಪಿನ ಬಳಿ ನಿಂತಳು. "ಅವರಿಗೆ ಹೇಳಲೇಬೇಕಾ?"

"ಹೇಳಲೇಬೇಕು."

ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಎಂಬಲ್ಲಿ ಇನ್‌ಸ್ಪೆಕ್ಟರ್ ಮೊದಲು 'ಇಲಾಖೆಯ ಮೇಲಿನ ಅಸಮಾಧಾನ' ಎಂದು ಬರೆದಳು. ಓದಿ ಹೊಡೆದುಹಾಕಿದಳು. ಅದರ ಪಕ್ಕದಲ್ಲಿ 'ಯಾರಾದರೂ ಗಮನಿಸಲಿ ಎಂದು' ಅಂತ ಬರೆದು ಸಹಿ ಮಾಡಿದಳು.

ಸಂಜೆ ಐದು ಗಂಟೆಗೆ ಅವಳು ದೊಡ್ಡಣ್ಣನನ್ನು ಠಾಣೆಯಲ್ಲೇ ಬಿಟ್ಟು ರಾಕೆಟ್ ಮಾವನ ಮನೆಗೆ ಒಬ್ಬಳೇ ಹೋದಳು. ತಂಗಿ ಗೇಟಿನ ಮಸಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕುತ್ತಿದ್ದಳು. ಮುಖ ನೋಡಿಯೇ ಸುದ್ದಿ ಅಂದಾಜಾಯಿತೇನೋ, ದಾರಿ ಬಿಟ್ಟಳು.

ಇನ್‌ಸ್ಪೆಕ್ಟರ್ ಎಲ್ಲವನ್ನೂ ಹೇಳಿದಳು. ಬಣ್ಣ ಹೇಗೆ ಊದಿದ್ದು, ಚುಕ್ಕಿ ಏನು, ಕೈ ಯಾರದು. ರಾಕೆಟ್ ಮಾವ ಮಂಚದ ಅಂಚಿನಲ್ಲಿ ಕುಳಿತು ಕೇಳಿದ. ಮುಗಿದ ಮೇಲೆ ಗೋಡೆಯ ದುಂಡುತಲೆಯನ್ನು ಒಂದು ಸಲ ನೋಡಿ ಕಣ್ಣು ಕೆಳಗಿಳಿಸಿದ. ಬಾಗಿಲ ಹೊರಗೆ ಬಟ್ಟೆ ತಿಕ್ಕುವ ಸದ್ದು ನಿಂತಿತ್ತು.

"ಅಂದ್ರೆ ಯಾರೂ ಬಂದಿರಲಿಲ್ಲ," ಎಂದ.

"ಇಲ್ಲ."

"ಆ ಹೆಂಗಸು... ಯಾವಾಗ್ಲೂ ಅಲ್ಲೇ ಇರ್ತಿದ್ರಾ? ಭಾನುವಾರಾನೂ?"

"ಹೆಚ್ಚಿನ ಭಾನುವಾರ ಇರ್ತಿದ್ರಂತೆ. ಒಳಗೆ, ಗೋಡೆ ಹತ್ರ ಕೆಲಸ ಮಾಡ್ತಾ."

"ಇಲ್ಲವಲ್ಲ. ನಾನು ಯಾರನ್ನೂ ನೋಡಿಲ್ಲ. ಇಷ್ಟ್ ವರ್ಷ..."

ಅವನು ಎದ್ದು ಕಂಪ್ಯೂಟರ್ ಮುಂದೆ ಕುಳಿತ. ಈ ಸಲ ಕತ್ತರಿಸಿದ ಫೋಟೋಗಳನ್ನು ತೆರೆಯಲಿಲ್ಲ. ಕ್ಯಾಮೆರಾದಿಂದ ಇಳಿಸಿದ ಮೂಲ ಪ್ರತಿಗಳನ್ನು ತೆರೆದ. ಮೊದಲನೆಯದರ ಎಡ ಅಂಚಿನಲ್ಲಿ ಒಂದು ಏಣಿ, ಏಣಿಯ ಮೇಲೆ ಬೆನ್ನು. ಮುಂದಿನದರಲ್ಲಿ ಹಾಳೆ ಹಿಡಿದ ಮೊಣಕೈ. ಅದರ ಮುಂದಿನದರಲ್ಲಿ ನೆಲದ ಮೇಲೆ ಕುಳಿತು ಬಗ್ಗಿದ ತಲೆ, ಎಳೆದು ಕಟ್ಟಿದ ಕೂದಲು, ಆಗ ಇನ್ನೂ ಪೂರ್ತಿ ಕಪ್ಪು. ಅವನು ಒಂದೊಂದಾಗಿ ಒತ್ತುತ್ತ ಹೋದ. ಒಂದು ಚಳಿಗಾಲದ ಫೋಟೋದಲ್ಲಿ ಅವಳು ಈ ಕಡೆ ತಿರುಗಿದ್ದಳು. ಕ್ಯಾಮೆರಾದತ್ತಲೇ ನೋಡುತ್ತಿದ್ದಳು.

"ಅಡ್ಡ ಬರುತ್ತೆ ಅಂತ ಕತ್ತರಿಸ್ತಿದ್ದೆ," ಎಂದ ರಾಕೆಟ್ ಮಾವ.

ಹೊರಗೆ ಬೀದಿದೀಪ ಹತ್ತಿತು. ಇನ್‌ಸ್ಪೆಕ್ಟರ್ ಸಾಕ್ಷಿ ಹೇಳಿಕೆಯ ಹಾಳೆಗಳನ್ನು ಮುಂದಿಟ್ಟು ಎಲ್ಲಿ ಸಹಿ ಮಾಡಬೇಕೆಂದು ತೋರಿಸಿದಳು. ಅವನು ಪೆನ್ನು ಹಿಡಿದುಕೊಂಡೇ ಕೇಳಿದ:

"ಅವರ ಹತ್ರ ಮಾತಾಡಬಹುದಾ ನಾನು?"

"ಕೇಸ್ ಮುಗಿಯೋವರೆಗೂ ಆಗಲ್ಲ. ನೀವು ಸಾಕ್ಷಿ, ಅವರು ಆರೋಪಿ."

"ಎಷ್ಟು ದಿನ ಆಗುತ್ತೆ?"

"ಒಂದು ವರ್ಷ. ಎರಡೂ ಆಗಬಹುದು. ಹೇಳೋಕಾಗಲ್ಲ."

ರಾಕೆಟ್ ಮಾವ ಬಗ್ಗಿ, ಎರಡೂ ಹಾಳೆಗೆ ನಿಧಾನವಾಗಿ ಸಹಿ ಹಾಕಿದ.

"ಎರಡು ವರ್ಷ, ಅಷ್ಟೇನಾ?" ಎಂದ.